ಹೊಲದ ಆದಾಯ, ಹೊಲದಾಚೆಯ ಆದಾಯ



ದತ್ತಿ ಉಪನ್ಯಾಸ ಎಂದರೆ ವಚನ, ಜನಪದ, ಕಾವ್ಯ ಎಂದು ನಿರೀಕ್ಷಿಸಿ ಬಂದವರು ಸ್ವಲ್ಪ ಮನ್ನಿಸಬೇಕು. ಆದರೂ ಈ ವಿಷಯ ಈ ವೇದಿಕೆಗೆ ತೀರಾ ಹೊರಗಿನದಲ್ಲ. ದತ್ತಿಯೇ ಒಂದು ಲೆಕ್ಕದ ವ್ಯವಹಾರ. ಅಸಲು ಠೇವಣಿಯಲ್ಲಿ ಕದಲದೆ ಕೂತಿರುತ್ತದೆ. ಬಡ್ಡಿಯಲ್ಲಿ ಮೈಕು, ಚಹಾ, ಭಾಷಣಕಾರನ ಬಸ್ ಚಾರ್ಜು ನಡೆಯುತ್ತವೆ. ಆ ಬಡ್ಡಿಯನ್ನೂ ಯಾರಾದರೊಬ್ಬರು ಲೆಕ್ಕದಲ್ಲಿ ತೋರಿಸಲೇಬೇಕು.

ನಮ್ಮ ಕಡೆ ತೆರಿಗೆಯ ಮಾತು ತೆಗೆದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು ಹಳೆಯದು: "ನಾವು ರೈತರು, ನಮಗೆಲ್ಲಿಯ ಟ್ಯಾಕ್ಸು?" ಇನ್ನೊಂದು 2025ರ ಕೇಂದ್ರ ಬಜೆಟ್ಟಿನ ನಂತರ ಬಂದದ್ದು: "ಹನ್ನೆರಡು ಲಕ್ಷದ ತನಕ ಟ್ಯಾಕ್ಸೇ ಇಲ್ಲವಲ್ಲ?" ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ಯಾರೂ ಹೇಳದ ಕಾರಣಕ್ಕೇ ನೋಟಿಸುಗಳು ಬರುತ್ತವೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಕಾನೂನು ವಿನಾಯಿತಿ ಕೊಟ್ಟಿರುವುದು ರೈತನೆಂಬ ಮನುಷ್ಯನಿಗಲ್ಲ, ಹೊಲದಿಂದ ಹುಟ್ಟಿದ ಆದಾಯಕ್ಕೆ. ಒಂದೇ ಮನೆಯೊಳಗೆ ಈ ಗೆರೆ ಎಲ್ಲಿ ಹಾದುಹೋಗುತ್ತದೆ ಎಂದು ತೋರಿಸಿಕೊಡುವುದೇ ಜಗಳೂರು, ಚನ್ನಗಿರಿ, ಹೊನ್ನಾಳಿಯಂಥ ತಾಲ್ಲೂಕುಗಳ ತೆರಿಗೆ ಸಲಹೆಗಾರರಾದ ನಮ್ಮ ಮುಖ್ಯ ಕೆಲಸ.

ಈ ಗೆರೆ ಬಿದ್ದ ಬಗೆಯನ್ನು ಮೊದಲು ಚುಟುಕಾಗಿ ಹೇಳುತ್ತೇನೆ. 1857ರ ದಂಗೆಯ ಖರ್ಚಿನಲ್ಲಿ ಬೊಕ್ಕಸ ಬರಿದಾದಾಗ ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆ ತಂದರು. ಭೂಮಿ ಆಗಲೇ ಕಂದಾಯ ಕಟ್ಟುತ್ತಿದ್ದುದರಿಂದ 1886ರ ಕಾಯ್ದೆ ಕೃಷಿ ಆದಾಯವನ್ನು ಹೊರಗಿಟ್ಟಿತು. ಸಂವಿಧಾನ ಬಂದಾಗ ಈ ವಿಭಜನೆ ಇನ್ನಷ್ಟು ಗಟ್ಟಿಯಾಯಿತು: ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 82ನೇ ನಮೂದು ಕೃಷಿ ಆದಾಯವನ್ನು ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟಿತು, ರಾಜ್ಯ ಪಟ್ಟಿಯ 46ನೇ ನಮೂದು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಕ್ಕೆ ಬಿಟ್ಟಿತು. ನಮ್ಮ ರಾಜ್ಯ 1957ರ ಕೃಷಿ ಆದಾಯ ತೆರಿಗೆ ಕಾಯ್ದೆಯಡಿ ಕಾಫಿ, ಏಲಕ್ಕಿ, ರಬ್ಬರಿನಂಥ ತೋಟದ ಬೆಳೆಗಳಿಂದ ತೆರಿಗೆ ವಸೂಲು ಮಾಡಿದ್ದುಂಟು. ಇತ್ತ ದೆಹಲಿಗೆ ಕೃಷಿ ಆದಾಯವನ್ನು ನೇರವಾಗಿ ಮುಟ್ಟುವ ಅಧಿಕಾರವಿಲ್ಲ. ಅದಕ್ಕೇ ಬಳಸುದಾರಿಯೊಂದು ಹುಟ್ಟಿತು. 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಸಮಿತಿ ಸಲಹೆ ಕೊಟ್ಟಿತು, 1973ರ ಹಣಕಾಸು ಕಾಯ್ದೆ ಅದನ್ನು ಜಾರಿಗೆ ತಂದಿತು. ಕೃಷಿ ಆದಾಯಕ್ಕೆ ತೆರಿಗೆ ಹಾಕುವುದಿಲ್ಲ. ಆದರೆ ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನೂ ಎಣಿಕೆಗೆ ತೆಗೆದುಕೊಳ್ಳಲಾಗುತ್ತದೆ. ಇದರ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಾವುದು ಹೊಲದ ಆದಾಯ ಎಂಬುದನ್ನು ನೋಡೋಣ. 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಳತೆಗೋಲು ಕೊಟ್ಟಿತು. ಉಳುವುದು, ಬಿತ್ತುವುದು, ನೆಡುವುದು ಮೂಲ ಕೆಲಸಗಳು. ಕಳೆ ತೆಗೆಯುವುದು, ಕೊಯ್ಯುವುದು, ಮಾರುಕಟ್ಟೆಗೆ ಒಪ್ಪುವಂತೆ ಹಸನು ಮಾಡುವುದು ನಂತರದ ಕೆಲಸಗಳು. ಮೂಲ ಕೆಲಸವೇ ಇಲ್ಲದೆ ಬರೀ ನಂತರದ ಕೆಲಸವಿದ್ದರೆ ಅದು ಕೃಷಿಯಲ್ಲ.

ಈ ಅಳತೆಗೋಲನ್ನು ಚನ್ನಗಿರಿಯ ಅಡಿಕೆ ತೋಟಕ್ಕೆ ಹಿಡಿಯಿರಿ. ತೋಟದ ಯಜಮಾನ ತಾನೇ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅಷ್ಟೂ ಕೃಷಿ ಆದಾಯ. ಬೇಯಿಸಿ ಒಣಗಿಸುವುದು ಬೆಳೆಗಾರ ಮಾಮೂಲಾಗಿ ಮಾಡುವ ಹಸನಿನ ಕೆಲಸ. ಫಸಲನ್ನು ಗಿಡದಲ್ಲೇ ಖೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೂ ಯಜಮಾನನಿಗೆ ಬಂದದ್ದು ಕೃಷಿ ಆದಾಯವೇ. ಆದರೆ ಖೇಣಿ ಹಿಡಿದವನ ಲಾಭ ವ್ಯಾಪಾರದ ಲಾಭ. ಅವನೂ ಊರಿನ ರೈತನೇ, ಅವನ ಹೆಸರಿನಲ್ಲೂ ಪಹಣಿಯಿದೆ, ಅವನೂ ಅಡಿಕೆ ಬೇಯಿಸುತ್ತಾನೆ, ಎಲ್ಲ ನಿಜ. ಆದರೆ ಆ ಗಿಡ ಅವನು ಬೆಳೆಸಿದ್ದಲ್ಲ. ತನ್ನ ತೋಟದ ಅಡಿಕೆಯನ್ನೂ ಖೇಣಿಯ ಅಡಿಕೆಯನ್ನೂ ಒಂದೇ ಹೆಸರಿನಲ್ಲಿ ಮಂಡಿಗೆ ಹಾಕಿ, ಎಲ್ಲವನ್ನೂ ಕೃಷಿ ಆದಾಯ ಎಂದು ಬರೆಸುವವರು ನಮ್ಮ ಬಳಿ ಬಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: "ಎಷ್ಟು ಎಕರೆ, ಎಷ್ಟು ಕ್ವಿಂಟಾಲ್?" ಎರಡು ಎಕರೆ ತೋಟಕ್ಕೆ ನೂರು ಕ್ವಿಂಟಾಲ್ ಅಡಿಕೆಯ ಪಟ್ಟಿ ತಂದರೆ ಅಧಿಕಾರಿ ಕೇಳುವ ಮೊದಲು ನಾವೇ ಕೇಳುವುದು ಒಳ್ಳೆಯದು.

ಕೋರಿಗೆ, ಅಂದರೆ ಪಾಲಿಗೆ, ಕೊಟ್ಟ ಹೊಲದ ಕಥೆ ಬೇರೆ. ಮಾಲೀಕನಿಗೆ ಬರುವ ಪಾಲು ಕೃಷಿ ಭೂಮಿಯ ಬಾಡಿಗೆಯಾದ್ದರಿಂದ ಕೃಷಿ ಆದಾಯ; ಉತ್ತವನ ಪಾಲಂತೂ ಕೃಷಿ ಆದಾಯವೇ. ಸಸಿಮಡಿಯಲ್ಲಿ ಬೆಳೆಸಿ ಮಾರಿದ ಸಸಿಯೂ ಅದರೊಳಗೆ ಸೇರುತ್ತದೆ. ಹಾಲು ಸೇರುವುದಿಲ್ಲ. ಡೇರಿಗೆ ಹಾಕಿದ ಹಾಲಿನ ಬಟವಾಡೆ, ಕೋಳಿ ಫಾರಂ, ಬಾಡಿಗೆಗೆ ಓಡಿಸಿದ ಟ್ರ್ಯಾಕ್ಟರ್, ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ಮಾರಿದ ನೀರು ಇವೆಲ್ಲ ಹೊಲದಾಚೆಯವು. ರೇಷ್ಮೆಯಲ್ಲಿ ಗೆರೆ ಇನ್ನೂ ಸೂಕ್ಷ್ಮ. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ. ಅದನ್ನು ಹುಳುವಿಗೆ ತಿನ್ನಿಸಿ ಗೂಡು ಮಾರಿದ ಹಣ ಕೃಷಿ ಆದಾಯವಲ್ಲ ಎಂದು ಕೆ. ಲಕ್ಷ್ಮಣನ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಅಡಿಕೆ ಹಾಕಿ ಪಡೆದ ಬೆಲೆ ಹೊಲದ್ದು. ಅದೇ ಸಂಘದ ಷೇರಿಗೆ ಬಂದ ಡಿವಿಡೆಂಡ್ ಹೊಲದ್ದಲ್ಲ. ಚಹಾ ಕಂಪನಿಯ ಷೇರುದಾರರೊಬ್ಬರ ಬಾಚಾ ಗುಜ್ದಾರ್ ಪ್ರಕರಣದಲ್ಲಿ 1955ರಲ್ಲೇ ಇದು ತೀರ್ಮಾನವಾಗಿದೆ. ಕಂಪನಿಯದು ಚಹಾ ತೋಟವಾದರೂ ಷೇರುದಾರನಿಗೂ ಆ ಮಣ್ಣಿಗೂ ನೇರ ಸಂಬಂಧವಿಲ್ಲ ಎಂಬುದು ಅದರ ತಿರುಳು.

ನಮ್ಮ ಬಯಲು ಸೀಮೆಯಲ್ಲಿ ಈಗ ಹೊಸದೊಂದು ಫಸಲು ಬಂದಿದೆ, ಗಾಳಿ. ಗಾಳಿಯಂತ್ರ ನಿಲ್ಲಿಸಲು ಕಂಪನಿಗೆ ಗುತ್ತಿಗೆ ಕೊಟ್ಟ ಜಾಗದ ಬಾಡಿಗೆ ಬರುತ್ತದೆ. ಪಹಣಿಯಲ್ಲಿ ಅದು ಇನ್ನೂ ಖುಷ್ಕಿ ಜಮೀನು ಎಂದೇ ಇರಬಹುದು, ಸುತ್ತ ಶೇಂಗಾ ಬೆಳೆದಿರಬಹುದು. ಆದರೂ ಆ ಬಾಡಿಗೆ ಕೃಷಿ ಆದಾಯವಲ್ಲ, ಭೂಮಿ ಕೃಷಿಗೆ ಬಳಕೆಯಾಗಿಲ್ಲ. ಬಾಡಿಗೆ ತಿಂಗಳಿಗೆ 50,000 ರೂಪಾಯಿ ದಾಟಿದರೆ ಕಂಪನಿ ಶೇ 10 ಟಿಡಿಎಸ್ ಹಿಡಿಯುತ್ತದೆ. ಹಿಡಿದ ಹಣ ಫಾರಂ 26ಎಎಸ್‌ನಲ್ಲಿ, ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ ಕಾಣುತ್ತದೆ. ರಿಟರ್ನ್ ಹಾಕದ ರೈತ ತನಗೆ ವಾಪಸ್ ಬರಬೇಕಾದ ಹಣವನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಇನ್ನು ಹನ್ನೆರಡು ಲಕ್ಷದ ಮಾತು. 2025-26ನೇ ಸಾಲಿಗೆ ಹೊಸ ಪದ್ಧತಿಯ ದರಗಳು ನಿಮಗೆಲ್ಲ ಗೊತ್ತು: 4 ಲಕ್ಷದವರೆಗೆ ಇಲ್ಲ, 8 ಲಕ್ಷದವರೆಗೆ ಶೇ 5, 12ರವರೆಗೆ ಶೇ 10, 16ರವರೆಗೆ ಶೇ 15, 20ರವರೆಗೆ ಶೇ 20, 24ರವರೆಗೆ ಶೇ 25, ಆಮೇಲೆ ಶೇ 30. ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಸೆಕ್ಷನ್ 87ಎ ಪ್ರಕಾರ 60,000 ರೂಪಾಯಿಯವರೆಗಿನ ತೆರಿಗೆಗೆ ರಿಯಾಯಿತಿ. ಸಂಬಳ ಮತ್ತು ಪಿಂಚಣಿದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದರೆ 12.75 ಲಕ್ಷ. ಇಷ್ಟನ್ನು ಪತ್ರಿಕೆಗಳೂ ಬರೆದವು. ಹೊಲವೂ ಪಿಂಚಣಿಯೂ ಎರಡೂ ಇರುವ ಮನೆಯ ಲೆಕ್ಕವನ್ನು ಮಾತ್ರ ಹೆಚ್ಚು ಜನ ಬರೆಯಲಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ಅಂದುಕೊಳ್ಳಿ. ಪಿಂಚಣಿ 9,75,000, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 9,00,000. ಅಡಿಕೆಯಿಂದ ಖರ್ಚು ಕಳೆದು 6,00,000. "ಒಂಬತ್ತೇ ಲಕ್ಷವಲ್ಲವೇ, ತೆರಿಗೆ ಸೊನ್ನೆ" ಎನ್ನುತ್ತಾರೆ ಮೇಷ್ಟ್ರು. ಕಾನೂನಿನ ಲೆಕ್ಕ ಹೀಗಿದೆ. ಎರಡನ್ನೂ ಕೂಡಿಸಿದರೆ 15 ಲಕ್ಷ. ಅದರ ತೆರಿಗೆ 1,05,000. ಕೃಷಿ ಆದಾಯಕ್ಕೆ 4 ಲಕ್ಷದ ಮೂಲ ಮಿತಿ ಕೂಡಿಸಿದರೆ 10 ಲಕ್ಷ; ಅದರ ತೆರಿಗೆ 40,000. ಕಳೆದರೆ ಉಳಿದದ್ದು 65,000. ಒಟ್ಟು ಆದಾಯ 9 ಲಕ್ಷವಷ್ಟೇ ಆದ್ದರಿಂದ ರಿಯಾಯಿತಿಗೆ ಅರ್ಹರು, ಆದರೆ ಅದು 60,000ಕ್ಕೆ ನಿಲ್ಲುತ್ತದೆ. ಮಿಕ್ಕ 5,000ಕ್ಕೆ ಶೇ 4 ಸೆಸ್ ಸೇರಿ 5,200 ರೂಪಾಯಿ ಕಟ್ಟಬೇಕು. ಅಡಿಕೆಯ ಆದಾಯ 5 ಲಕ್ಷವಾಗಿದ್ದರೆ ಇದೇ ಲೆಕ್ಕ ಸೊನ್ನೆಗೆ ಇಳಿಯುತ್ತಿತ್ತು. ಮೊತ್ತ ದೊಡ್ಡದಲ್ಲ. ಆದರೆ ಕೃಷಿ ಆದಾಯದ ಕಾಲಮ್ಮನ್ನು ಖಾಲಿ ಬಿಟ್ಟ ರಿಟರ್ನು ಸುಳ್ಳು ರಿಟರ್ನಾಗುತ್ತದೆ. ವಾರ್ಷಿಕ ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಆಗಲಿ ಐಟಿಆರ್-4 ಆಗಲಿ ಸಲ್ಲದು ಎಂಬುದನ್ನು ಎಷ್ಟೋ ಕಡೆ ಮರೆತೇಬಿಟ್ಟಿದ್ದಾರೆ. ಪಿಂಚಣಿದಾರ ರೈತನಿಗೆ ಐಟಿಆರ್-2 ಬೇಕು. ಕೃಷಿ ಆದಾಯ 5 ಲಕ್ಷ ದಾಟಿದರೆ ಅದರಲ್ಲಿ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು.

ಇದೇ ಲೆಕ್ಕದ ಇನ್ನೊಂದು ಮುಖ ಜಗಳೂರಿನವರಿಗೆ ಉಪಯೋಗದ್ದು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಬಿತ್ತಿದ ಮೆಕ್ಕೆಜೋಳ, ಈರುಳ್ಳಿಯ ಖರ್ಚೂ ಹುಟ್ಟದ ವರ್ಷ ಅದು. ಕೃಷಿಯಲ್ಲಿ ಆದ ನಷ್ಟವನ್ನು ಸಂಬಳ ಪಿಂಚಣಿಗಳ ಎದುರು ಕಳೆಯಲು ಬರುವುದಿಲ್ಲ. ಆದರೆ ಮುಂದಿನ ಎಂಟು ವರ್ಷಗಳ ಕೃಷಿ ಆದಾಯದ ಎದುರು, ಈ ದರ ನಿರ್ಧಾರದ ಲೆಕ್ಕದಲ್ಲಿ, ಕಳೆದುಕೊಳ್ಳಬಹುದು. ಆ ವರ್ಷದ ರಿಟರ್ನಿನಲ್ಲಿ ನಷ್ಟ ಬರೆದಿದ್ದವರಿಗಷ್ಟೇ ಈ ಅನುಕೂಲ. ಬರದ ವರ್ಷ "ಏನೂ ಬಂದಿಲ್ಲ, ಏನು ಬರೆಯೋದು?" ಎನ್ನುವ ನೌಕರ ರೈತನಿಗೆ, ಬರೆಯಬೇಕಾದದ್ದು ಆ ವರ್ಷವೇ ಎಂದು ತಿಳಿಸುವುದು ನಮ್ಮ ಹೊಣೆ.

ತೆರಿಗೆ ಸೊನ್ನೆಯಾದರೆ ರಿಟರ್ನೂ ಬೇಡ ಎಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಕೃಷಿ ಬಿಟ್ಟು ಉಳಿದ ಆದಾಯ ಹೊಸ ಪದ್ಧತಿಯಲ್ಲಿ 4 ಲಕ್ಷ ದಾಟಿದರೆ ರಿಟರ್ನ್ ಕಡ್ಡಾಯ; 12 ಲಕ್ಷ ಎಂಬುದು ರಿಯಾಯಿತಿಯ ಮಿತಿ. ಆದಾಯ ಕಡಿಮೆಯಿದ್ದರೂ ವರ್ಷದ ಕರೆಂಟ್ ಬಿಲ್ 1 ಲಕ್ಷ ದಾಟಿದರೆ, ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ, ಟಿಡಿಎಸ್ 25,000 (ಹಿರಿಯರಿಗೆ 50,000) ಮುಟ್ಟಿದರೆ ಹಾಕಲೇಬೇಕು. ಹಳೆಯ ಪದ್ಧತಿ ಬೇಕೆನ್ನುವವರು ಗಡುವಿನೊಳಗೆ ಹಾಕಬೇಕು. ತಡವಾದ ರಿಟರ್ನಿಗೆ ಹೊಸ ಪದ್ಧತಿಯೇ ಗತಿ. ಎಪಿಎಂಸಿ ದಲಾಲರ ಕಮಿಷನ್ನಿಗೆ ಸೆಕ್ಷನ್ 44ಎಡಿಯ ಅಂದಾಜು ಲೆಕ್ಕ ಸಲ್ಲುವುದಿಲ್ಲ, ಖೇಣಿ ವ್ಯಾಪಾರಿಗೆ ಸಲ್ಲುತ್ತದೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ. "ಸಾರ್, ರಿಟರ್ನ್ ಹಾಕಿದ್ರೆ ಗೃಹಲಕ್ಷ್ಮಿ ಎರಡು ಸಾವಿರ ನಿಂತುಹೋಗುತ್ತಾ? ಕಿಸಾನ್ ಸಮ್ಮಾನ್ ಬರಲ್ವಾ?" ಪಿಎಂ ಕಿಸಾನ್‌ನ ನಿಯಮ ಹೊರಗಿಡುವುದು ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ ತೆರಿಗೆ ಕಟ್ಟಿದವರನ್ನು. ಗೃಹಲಕ್ಷ್ಮಿಯ ನಿಯಮವೂ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರೇ ಎಂದು ಕೇಳುತ್ತದೆ. ಜಿಎಸ್‌ಟಿಯ ವಿಷಯದಲ್ಲಿ ಮಾತ್ರ ರಿಟರ್ನ್ ಸಲ್ಲಿಸುವವರು ಎಂದೇ ಇದೆ. ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರು ತೆರಿಗೆ ಕಟ್ಟಿದವರಾಗುವುದಿಲ್ಲ. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಸೆಕ್ಷನ್ 143(1)ರಡಿ ಕಳಿಸುವ ತಿಳಿವಳಿಕೆ ಪತ್ರದಲ್ಲಿ ಆ ಸೊನ್ನೆ ಅಚ್ಚಾಗಿರುತ್ತದೆ. ಅದರ ಪ್ರತಿಯನ್ನು ತೆಗೆದು ಆ ಮನೆಯವರ ಕೈಗೆ ಕೊಡಿ. ಕಚೇರಿಯಲ್ಲಿ ತಕರಾರು ಬಂದರೆ ತೋರಿಸಲು ಅವರ ಬಳಿ ಕಾಗದ ಇರುತ್ತದೆ. ಸೌಲಭ್ಯ ನಿಂತೀತೆಂದು ಹೆದರಿ ಗಂಡನ ಆದಾಯವನ್ನು ಮುಚ್ಚಿಡಲು ಹೋಗುವುದಕ್ಕಿಂತ ಇದು ಎಷ್ಟೋ ಸುಲಭ.

ನಗದಿನ ವಿಷಯದಲ್ಲಿ ರೈತನಿಗೂ ಒಂದು ಎಚ್ಚರಿಕೆ ಬೇಕು. ವ್ಯಾಪಾರಿ ಒಬ್ಬರಿಗೆ ದಿನಕ್ಕೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಆದರೆ ಬೆಳೆದವನಿಗೇ ಫಸಲಿನ ಬೆಲೆ ಕೊಡುವಾಗ ನಿಯಮ 6ಡಿಡಿ ವಿನಾಯಿತಿ ಕೊಡುತ್ತದೆ. ಇದನ್ನೇ ನಂಬಿ ಲಾರಿ ಲೋಡು ಈರುಳ್ಳಿಯ ಹಣವನ್ನೆಲ್ಲ ನಗದಿನಲ್ಲಿ ಎಣಿಸಿಕೊಳ್ಳುತ್ತಾರೆ. ಸೆಕ್ಷನ್ 269ಎಸ್‌ಟಿ ಹಿಡಿಯುವುದು ಪಡೆದವನನ್ನು. ಒಂದೇ ದಿನ ಒಬ್ಬನಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಕೃಷಿಕನಿಗೆ ಇಲ್ಲಿ ವಿನಾಯಿತಿಯಿಲ್ಲ. ಮಂಡಿ ಪಟ್ಟಿ ಕೈಯಲ್ಲಿರಲಿ, ಹಣ ಖಾತೆಗೆ ಬರಲಿ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ಜಮಾ ಆದರೆ ಬ್ಯಾಂಕು, ಸಹಕಾರ ಬ್ಯಾಂಕೂ ಸೇರಿ, ಇಲಾಖೆಗೆ ವರದಿ ಮಾಡುತ್ತದೆ. ಆಗ ಅಡಿಕೆಯದು ಎಂದು ಬಾಯಲ್ಲಿ ಹೇಳಿದರೆ ಸಾಲದು, ಪಟ್ಟಿ ತೋರಿಸಬೇಕು.

ಜಮೀನು ಮಾರಾಟದಲ್ಲಿ ಗೆರೆಯನ್ನು ಕಿಲೋಮೀಟರಿನಲ್ಲೇ ಎಳೆದಿದ್ದಾರೆ. ಗ್ರಾಮೀಣ ಕೃಷಿ ಭೂಮಿ ಬಂಡವಾಳ ಆಸ್ತಿಯಲ್ಲ, ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಜನಸಂಖ್ಯೆ ಹತ್ತು ಸಾವಿರ ದಾಟಿ ಒಂದು ಲಕ್ಷದೊಳಗಿರುವ ಪಟ್ಟಣದ ಎಲ್ಲೆಯಿಂದ 2 ಕಿ.ಮೀ., ಹತ್ತು ಲಕ್ಷದೊಳಗಿದ್ದರೆ 6 ಕಿ.ಮೀ., ಅದಕ್ಕೂ ಮೇಲಿದ್ದರೆ 8 ಕಿ.ಮೀ. ಒಳಗೆ ಬಿದ್ದ ಭೂಮಿ ಗ್ರಾಮೀಣವಲ್ಲ. ದೂರ ಅಳೆಯುವುದು ರಸ್ತೆಯ ಮೇಲಲ್ಲ, ನೇರ ಆಕಾಶದ ಗೆರೆಯಲ್ಲಿ. ಜಗಳೂರು, ಚನ್ನಗಿರಿ, ಹೊನ್ನಾಳಿಗಳಿಗೆ ಎರಡು, ದಾವಣಗೆರೆಗೆ ಆರು. ಸೊಕ್ಕೆಯಂಥ ಹಳ್ಳಿಯ ಹೊಲ ಮಾರಿದವನಿಗೆ ತೆರಿಗೆಯಿಲ್ಲ. ದಾವಣಗೆರೆಯ ಅಂಚಿನಲ್ಲಿ ಮಾರಿದವನಿಗೆ ಉಂಟು. ಸದ್ಯ ದೀರ್ಘಾವಧಿ ಲಾಭಕ್ಕೆ ಶೇ 12.5, 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದರೆ ಇಂಡೆಕ್ಸೇಷನ್ ಜೊತೆ ಶೇ 20ರ ಲೆಕ್ಕವನ್ನೂ ಮಾಡಿ ನೋಡಿ ಕಡಿಮೆಯದನ್ನು ಆರಿಸಬಹುದು. ಹನ್ನೆರಡು ಲಕ್ಷದ ರಿಯಾಯಿತಿ ಈ ಲಾಭಕ್ಕೆ ತಾಗುವುದಿಲ್ಲ. ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ಕೊಂಡರೆ ಸೆಕ್ಷನ್ 54ಬಿ ನೆರವಿಗೆ ಬರುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗೆ 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಹೋದರೆ ಅದರ 96ನೇ ಸೆಕ್ಷನ್ ಪರಿಹಾರಕ್ಕೆ ಆದಾಯ ತೆರಿಗೆ ಬೇಡವೆನ್ನುತ್ತದೆ. ನೇರ ತೆರಿಗೆ ಮಂಡಳಿಯ 2016ರ 36ನೇ ಸುತ್ತೋಲೆ ಅದನ್ನು ಒಪ್ಪಿದೆ. ಪರಿಹಾರ ತಡವಾದುದಕ್ಕೆ ಬಂದ ಬಡ್ಡಿಯನ್ನು ಮಾತ್ರ ಬೇರೆಯಾಗಿ ನೋಡಿ. ಆದಾಯ ತೆರಿಗೆ ಕಾಯ್ದೆ ಅದನ್ನು ಕೈಗೆ ಬಂದ ವರ್ಷದ ಆದಾಯವೆಂದು ಹಿಡಿದು ಅರ್ಧ ಕಳೆಯಲು ಬಿಡುತ್ತದೆ.

ಮಿತ್ರರೆ, ಈಗ ನಮ್ಮ ವೃತ್ತಿಯ ಒಳಗಿನ ಮಾತು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಏಕಕಾಲಕ್ಕೆ ತಪಾಸಣೆಗೆ ಇಳಿಯಿತು. ಗುರಿ ದೊಡ್ಡ ಕುಳಗಳಲ್ಲ. ಸಂಬಳದಾರರಿಗೆ ಸುಳ್ಳು ಮನೆ ಬಾಡಿಗೆ, ಸುಳ್ಳು ದೇಣಿಗೆ, ಇಲ್ಲದ ಕಾಯಿಲೆ, ಇಲ್ಲದ ಸಾಲ ತೋರಿಸಿ ರೀಫಂಡ್ ತರಿಸಿಕೊಟ್ಟು ಅದರಲ್ಲಿ ಪಾಲು ಪಡೆಯುತ್ತಿದ್ದ ರಿಟರ್ನ್ ತಯಾರಕರು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮು ಹಿಂಪಡೆದರು ಎಂದು ಇಲಾಖೆ ಹೇಳಿತು. ರೀಫಂಡಿನಲ್ಲಿ ಶೇಕಡಾವಾರು ಕೇಳುವವನು ಸಲಹೆಗಾರನಲ್ಲ, ಕಳ್ಳಬೆಳೆಯ ಪಾಲುಗಾರ. ನೋಟಿಸ್ ಬಂದಾಗ ಅವನು ಫೋನ್ ಎತ್ತುವುದಿಲ್ಲ. ತಪ್ಪು ಮಾಹಿತಿಗೆ ತೆರಿಗೆಯ ಎರಡು ಪಟ್ಟು ದಂಡ ಬೀಳುವುದು ಮೇಷ್ಟ್ರಿಗೆ, ಪೇದೆಗೆ, ಬಸ್ ಕಂಡಕ್ಟರಿಗೆ. ಹಳೆಯ ತಪ್ಪು ತಿದ್ದಿಕೊಳ್ಳಲು ದಾರಿಯಿದೆ. ಪರಿಷ್ಕೃತ ರಿಟರ್ನಿನ ಗಡುವು ದಾಟಿದ ಮೇಲೂ ಅಪ್‌ಡೇಟೆಡ್ ರಿಟರ್ನ್ ಹಾಕುವ ಅವಧಿಯನ್ನು 2025ರ ಹಣಕಾಸು ಕಾಯ್ದೆ 24 ತಿಂಗಳಿಂದ 48ಕ್ಕೆ ಏರಿಸಿದೆ. ಹೆಚ್ಚುವರಿ ತೆರಿಗೆ ಮೊದಲ ವರ್ಷ ಶೇ 25, ಆಮೇಲೆ 50, 60, 70. ತಡ ಮಾಡಿದಷ್ಟೂ ದುಬಾರಿ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ. 819 ಸೆಕ್ಷನ್ನುಗಳು 536ಕ್ಕೆ, 47 ಅಧ್ಯಾಯಗಳು 23ಕ್ಕೆ ಇಳಿದಿವೆ. ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಎಂಬ ಜೋಡಿ ಹೋಗಿ 'ತೆರಿಗೆ ವರ್ಷ' ಒಂದೇ ಉಳಿಯುತ್ತದೆ. ಇಲ್ಲಿಯವರೆಗೆ ನಾನು ಹೇಳಿದ ಆದಾಯ ತೆರಿಗೆ ಸೆಕ್ಷನ್ನುಗಳೆಲ್ಲ ಹಳೆಯ ಕಾಯ್ದೆಯವು. ನಾವು ಬಾಯಿಪಾಠ ಮಾಡಿದ 80ಸಿ ಈಗ 123, 87ಎ ಈಗ 156, 115ಬಿಎಸಿ ಈಗ 202, 44ಎಡಿ ಈಗ 58. ಸಂಬಳದಾಚೆಯ ಟಿಡಿಎಸ್ಸೆಲ್ಲ 393ರ ಕೋಷ್ಟಕದಲ್ಲಿ. 2025-26ರ ಆದಾಯದ ರಿಟರ್ನ್ 2026ರಲ್ಲಿ ಹಾಕಿದರೂ ಹಳೆಯ ಕಾಯ್ದೆಯ ಪ್ರಕಾರವೇ. ಹಾಗಾಗಿ ಸ್ವಲ್ಪ ಕಾಲ ಎರಡೂ ಪುಸ್ತಕ ಮೇಜಿನ ಮೇಲಿರಬೇಕು. ಅಂಕಿ ಬದಲಾದರೂ ಹೊಲದ ಗೆರೆ ಮಾತ್ರ ಇದ್ದಲ್ಲೇ ಇದೆ.

ಕೊನೆಯದಾಗಿ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ರಿಟರ್ನ್ ತುಂಬುವ ಮೊದಲು ಪ್ರತಿಯೊಬ್ಬ ಕಕ್ಷಿದಾರನನ್ನು ಜಮೀನು ಎಷ್ಟು, ಏನು ಬೆಳೆದಿರಿ, ಯಾರಿಗೆ ಮಾರಿದಿರಿ ಎಂದು ಕೇಳಿ ಉತ್ತರವನ್ನು ಬರೆದಿಡಿ. ಪೋರ್ಟಲಿನ ಪಾಸ್‌ವರ್ಡು, ಮೊಬೈಲ್ ನಂಬರು, ಇಮೇಲು ಅವರದೇ ಇರಲಿ, ನಿಮ್ಮದನ್ನು ಹಾಕಬೇಡಿ; ಇಲಾಖೆಯ ಪತ್ರ ಅವರಿಗೇ ಮುಟ್ಟಬೇಕು. ಸಲ್ಲಿಸುವ ಮೊದಲು ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ. ನಿಜವೆಂದು ದೃಢೀಕರಿಸುವುದು ಆತ, ನಾವಲ್ಲ. ತಾನು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆ ಎಂದು ತಿಳಿಯುವ ಹಕ್ಕು ಆತನಿಗಿದೆ. ಇಷ್ಟು ಮಾಡಿದರೆ, ನಮ್ಮ ಶುಲ್ಕ ಐನೂರಾಗಲಿ ಐದು ಸಾವಿರವಾಗಲಿ, ಅದನ್ನು ದುಡಿದೇ ಪಡೆದಿದ್ದೇವೆ ಎನ್ನಬಹುದು.